ಆಷಾಢದಲ್ಲಿ ಹಚ್ಚಿದ ಊದುಬತ್ತಿ

ಸಾಮಾನು ಸಾಗಿಸುವ ಕಂಪನಿಯ ಹುಡುಗ ಮನೆಯೆಲ್ಲ ಸುತ್ತಿ, ಮಂಚ ಎರಡು, ಫ್ರಿಜ್ಜು ಒಂದು, ಬೀರು ಒಂದು ಎಂದು ಮೊಬೈಲಿನಲ್ಲಿ ಬರೆದುಕೊಳ್ಳುತ್ತಾ ತಾರಸಿಗೆ ಬಂದ. ಬಂದವನು ಸ್ವಲ್ಪ ಹೊತ್ತು ಸುಮ್ಮನೆ ನಿಂತ. ಆಮೇಲೆ ‘ಔಟ್‌ಡೋರ್ ಕಿಚನ್ – 1’ ಎಂದು ಬರೆದ. ಒಂಬತ್ತು ವರ್ಷದಿಂದ ನಾವು ಅದನ್ನು ‘ಮೇಲೆ’ ಎಂದಷ್ಟೇ ಕರೆಯುತ್ತಿದ್ದೆವು. ಮೇಲೆ ಇಟ್ಟಿದೀನಿ, ಮೇಲೆ ಬೇಯ್ತಾ ಇದೆ, ಮೇಲೆ ಹೋಗಿ ಒಂಚೂರು ಉಪ್ಪು ಹಾಕಿ ಬಾ. ಅದಕ್ಕೊಂದು ಹೆಸರಿದೆ, ಅದು ಎಣಿಸಿ ಬರೆದುಕೊಳ್ಳುವಂಥ ಐಟಂ ಎನ್ನುವುದು ಗೊತ್ತಾದದ್ದೇ ಅವತ್ತು.

“ಇದೂ ಬರತ್ತಾ ಸಾರ್?” ಅಂದ.

“ನೋಡಬೇಕು” ಅಂದೆ. ನೋಡುವುದಕ್ಕೆ ಪೂರ್ತಿ ಒಂದು ತಿಂಗಳು ಹಿಡಿಯಿತು. ಮನೆ ಬದಲಿಸುವುದು ಶ್ರಾವಣಕ್ಕೇ ಎಂದು ಅಮ್ಮ ತೀರ್ಮಾನ ಮಾಡಿಯಾಗಿತ್ತು. ಆಷಾಢದಲ್ಲಿ ಒಂದು ಚಮಚವೂ ಹೊಸಿಲು ದಾಟುವಂತಿಲ್ಲ. ಹೊಸ ಮನೆಯ ಬೀಗದ ಕೈ ಸಿಕ್ಕಿದೆ, ಹಳೆ ಮನೆಯ ಬಾಡಿಗೆ ಓಡುತ್ತಿದೆ, ನಡುವೆ ನಾವು ದಿನಾ ಸಂಜೆ ಕಾಫಿ ಲೋಟ ಹಿಡಿದು ತಾರಸಿಯಲ್ಲಿ ನಿಂತು ಒಂದು ಕಲ್ಲಿನ ಕಟ್ಟೆಯನ್ನು ದಿಟ್ಟಿಸುವುದು. ಟೈಮಿಲ್ಲದಿದ್ದರೆ ಹತ್ತು ನಿಮಿಷದಲ್ಲಿ ಮುಗಿಯುವ ವಿಷಯ.

ಅದು ಹುಟ್ಟಿದ್ದು ಒಂದು ಷರತ್ತಿನಿಂದ. ಹನುಮಂತನಗರದ ಆ ಎರಡನೇ ಮಹಡಿಯ ಮನೆ ನೋಡಲು ಹೋದಾಗ, ಕೆಳಗೇ ವಾಸವಿದ್ದ ಮಾಲೀಕರು ಬಾಡಿಗೆ, ಅಡ್ವಾನ್ಸು, ಕಾವೇರಿ ನೀರು ಬರುವ ದಿನ ಎಲ್ಲ ಹೇಳಿ ಮುಗಿಸಿ, ಗಂಟಲು ಸರಿಮಾಡಿಕೊಂಡು, “ಮನೆ ಒಳಗೆ ಮಾತ್ರ ಮಾಂಸ ಬೇಯಿಸಬೇಡಿ, ತಿನ್ನೋದು ನಿಮ್ಮಿಷ್ಟ” ಎಂದಿದ್ದರು. ನಾವು ಮದ್ದೂರು ಕಡೆಯವರು. ಯುಗಾದಿಯ ಮಾರನೆಯ ದಿನ ಹೊಸತೊಡಕಿಗೆ, ಪಿತೃಪಕ್ಷದಲ್ಲಿ ಹಿರಿಯರ ಎಡೆಗೆ ಮಾಂಸವಿಲ್ಲದೆ ನಡೆಯುವುದಿಲ್ಲ. ಆದರೆ ಮನೆಗೆ ಗಾಳಿ ಬೆಳಕು ಚೆನ್ನಾಗಿತ್ತು, ಬಾಡಿಗೆ ಕೈಗೆಟುಕುವಂತಿತ್ತು, ತಾರಸಿ ಹತ್ತಿದರೆ ರಾಮಾಂಜನೇಯ ಗುಡ್ಡ ಕಾಣುತ್ತಿತ್ತು. ಒಳಗೆ ಬೇಡ ತಾನೆ, ಹೊರಗೆ ಮಾಡಿಕೊಳ್ಳೋಣ ಎಂದು ಒಪ್ಪಿಕೊಂಡೆವು. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಿಲ್ಲ.

ಮೊದಲ ಹೊಸತೊಡಕಿಗೆ ಅಮ್ಮ ತಾರಸಿಯ ಮೂಲೆಯಲ್ಲಿ ಮೂರು ಇಟ್ಟಿಗೆ ಇಟ್ಟು ಸೌದೆ ಹೊತ್ತಿಸಿದಳು. ಆ ವರ್ಷದ ನೀರು ತುಂಬುವ ಹಬ್ಬಕ್ಕೆ ಊರಿಂದ ತಂದ ತಾಮ್ರದ ಹಂಡೆಯೂ ಅದರ ಮೇಲೇ ಕೂತಿತು. ಎರಡನೇ ವರ್ಷ ನನ್ನ ಹೆಂಡತಿ, ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಯಿತು ಎಂದಳು. ನಾಲ್ಕಿಂಚಿನ ಸಾಲಿಡ್ ಬ್ಲಾಕಿನಲ್ಲಿ ಮೂರು ಕಾಲು ಕಟ್ಟಿಸಿ, ಜಿಗಣಿಯಲ್ಲಿ ಯಾವುದೋ ಮನೆಗೆ ಕೊಯ್ದು ಉಳಿದಿದ್ದ ಗ್ರಾನೈಟು ತಂದು ಕೂರಿಸಿದೆ. ಏಳಡಿ ಉದ್ದ, ಎರಡಡಿ ಅಗಲ, ಕಪ್ಪಿನ ಮೇಲೆ ಬೂದು ಚುಕ್ಕೆ. ಮುಂದಿನ ವರ್ಷ ಅದಕ್ಕೊಂದು ತೂತು ಕೊರೆಸಿ ಸ್ಟೀಲ್ ಸಿಂಕು. ಸಿಂಕು ಬಂದಮೇಲೆ ನಲ್ಲಿ. ನಲ್ಲಿ ಬಂದಮೇಲೆ ಮಳೆಗೆ ನೆನೆಯುತ್ತದೆ ಎಂದು ಮೇಲೊಂದು ಶೀಟು. ಶೀಟು ಬಂದಮೇಲೆ ಬಲ್ಬು. 2020ರ ಲಾಕ್‌ಡೌನಿನಲ್ಲಿ ನನಗೆ ತಲೆ ತಿರುಗಿ ಒಂದು ಬಾರ್ಬೆಕ್ಯೂ ಗ್ರಿಲ್ಲು. ಗ್ಯಾಸ್ ಸಿಲಿಂಡರಿಗೆ ಕಟ್ಟೆಯ ಕೆಳಗೆ ಒಂದು ಗೂಡು, ಅದರ ಬಾಗಿಲಿನ ಬುಡದಲ್ಲಿ ನಾಲ್ಕು ದೊಡ್ಡ ತೂತು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ತುಂಬಿಕೊಳ್ಳುತ್ತದೆ, ತೂತು ಮೇಲಿದ್ದರೆ ಇದ್ದೂ ಇಲ್ಲದ ಹಾಗೆ ಎಂದು ಸಿಲಿಂಡರ್ ತಂದ ಹುಡುಗನೇ ಹೇಳಿ ಮಾಡಿಸಿದ್ದು.

ಹೀಗೆ ಒಂದೊಂದೇ ಬಂದು ಕೂಡಿಕೊಂಡದ್ದು. ಇಷ್ಟು ದೊಡ್ಡದಾಗಿದೆ ಎಂದು ಗಮನಕ್ಕೇ ಬಂದಿರಲಿಲ್ಲ.

ಪ್ಯಾಕರ್ಸ್‌ನವರು ಆ ಒಂದು ಐಟಮ್ಮಿಗೆ ಬೇರೆಯಾಗಿ 4,500 ರೂಪಾಯಿ ಹೇಳಿದರು. ಒಡೆದರೆ ತಮ್ಮ ಜವಾಬ್ದಾರಿ ಅಲ್ಲ, ತುಂಬಿದ ಸಿಲಿಂಡರ್ ಮುಟ್ಟುವುದಿಲ್ಲ ಎಂದೂ ಸೇರಿಸಿದರು. ಸಿಲಿಂಡರಿನ ವಿಷಯ ಸುಲಭ. ಊರು ಅದೇ ಆದ್ದರಿಂದ ಸಿಲಿಂಡರು, ರೆಗ್ಯುಲೇಟರು ವಾಪಸ್ ಕೊಡಬೇಕಿಲ್ಲ, ಏಜೆನ್ಸಿ ಬದಲಿಸಿಕೊಂಡರೆ ಸಾಕು. ಕಲ್ಲಿನ ವಿಷಯ ಹಾಗಲ್ಲ. ಇಪ್ಪತ್ತು ಮಿಲಿಮೀಟರಿನ ಗ್ರಾನೈಟು ಚದರಡಿಗೆ ಹೆಚ್ಚುಕಡಿಮೆ 5 ಕಿಲೋ ತೂಗುತ್ತದೆ. ಹದಿನಾಲ್ಕು ಚದರಡಿಗೆ 70, ಸಿಂಕಿನ ತೂತು ಕಳೆದರೆ 60. ಬ್ಲಾಕು ಒಂದೊಂದೂ 17 ಕಿಲೋದಷ್ಟು, ಎಣಿಸಿದರೆ ಇಪ್ಪತ್ತೆರಡು. ಅಮ್ಮನ ಒರಳುಕಲ್ಲು ಬೇರೆ. ಒಂದು ಟಾಟಾ ಏಸ್ ಹೊರುವ ಭಾರದಲ್ಲಿ ಅರ್ಧಕ್ಕಿಂತ ಜಾಸ್ತಿ ಬರೀ ಕಲ್ಲಾಯಿತು. ಆ ಲೆಕ್ಕ ಬರೆದ ಕಾಗದ ನೋಡಿ ಹೆಂಡತಿ, “ಮನೆ ಸಾಗಿಸ್ತಿದೀವೋ ಕ್ವಾರಿನೋ?” ಎಂದಳು.

ಬಿಟ್ಟೇ ಹೋಗೋಣ ಎಂದುಕೊಂಡೆ. ಮುಂದೆ ಬರುವ ಬಾಡಿಗೆದಾರರಿಗೂ ಅನುಕೂಲ, ಮಾಲೀಕರು ಖುಷಿಯಾಗಿ ಐದೋ ಹತ್ತೋ ಸಾವಿರ ಕೊಟ್ಟಾರು ಎಂಬ ಲೆಕ್ಕ. ಕೆಳಗಿಳಿದು ಕೇಳಿದೆ. ಅವರು ಪೇಪರ್ ಮಡಚಿಟ್ಟು, “ಮುಂದೆ ಬರೋರು ಏನು ಬೇಯಿಸ್ತಾರೋ ಯಾರಿಗೆ ಗೊತ್ತು? ತೆಗೆಸಿ, ಮೊದಲು ಹೇಗಿತ್ತೋ ಹಾಗೆ ಮಾಡಿಕೊಟ್ಟುಬಿಡಿ” ಎಂದರು. ಒಂಬತ್ತು ವರ್ಷ ಅದೇ ಒಲೆಯ ಹೊಗೆ ಸಹಿಸಿಕೊಂಡ ಮನುಷ್ಯ. ದೀಪಾವಳಿಗೆ ನಮ್ಮ ಹಂಡೆಯ ನೀರು ಎರಡು ಬಕೆಟ್ ಇಸಿದುಕೊಂಡು ಹೋಗುತ್ತಿದ್ದವರು. ನನಗೆ ಪಿಚ್ಚೆನಿಸಿತು, ಸುಳ್ಳು ಯಾಕೆ ಹೇಳಲಿ.

ನಮ್ಮ ಭಾವಮೈದುನ ವಕೀಲ. ಫೋನು ಮಾಡಿದೆ. ಅವನು ಆಸ್ತಿ ವರ್ಗಾವಣೆ ಕಾಯ್ದೆ, 1882 ಎಂದು ಶುರುಮಾಡಿದಾಗಲೇ ನನ್ನ ಕಾಫಿ ಆರಿಹೋಗಿತ್ತು. ಆದರೂ ಕೇಳಿಸಿಕೊಂಡದ್ದು ಒಳ್ಳೆಯದಾಯಿತು. ಅದರ 108ನೇ ಸೆಕ್ಷನ್ನಿನಲ್ಲಿ ಬಾಡಿಗೆದಾರನ ಹಕ್ಕು, ಹೊಣೆಗಳ ಪಟ್ಟಿ ಇದೆಯಂತೆ. ನೆಲಕ್ಕೆ ತಾನು ಜೋಡಿಸಿದ್ದೆಲ್ಲವನ್ನೂ ಬಾಡಿಗೆದಾರ ಕಿತ್ತುಕೊಂಡು ಹೋಗಬಹುದು, ಆದರೆ ಜಾಗ ತನ್ನ ಸ್ವಾಧೀನದಲ್ಲಿ ಇರುವಾಗ ಮಾತ್ರ, ಕೀ ಕೊಟ್ಟ ಮೇಲೆ ಬಂದು ‘ನನ್ನ ಕಲ್ಲು’ ಅನ್ನುವಂತಿಲ್ಲ. ಮತ್ತೆ, ಜಾಗವನ್ನು ಪಡೆದಾಗ ಇದ್ದ ಸ್ಥಿತಿಯಲ್ಲೇ ಬಿಡಬೇಕು. “ಒಪ್ಪಂದದಲ್ಲಿ ಬೇರೆ ಏನಾದರೂ ಬರೆದಿದ್ದರೆ ಅದೇ ನಡೆಯೋದು. ನಿನ್ನ ಅಗ್ರಿಮೆಂಟು ಓದು” ಎಂದ. ಹನ್ನೊಂದು ಹನ್ನೊಂದು ತಿಂಗಳಿಗೆ ಒಂದರಂತೆ ಸಹಿ ಹಾಕಿದ ಕಾಗದ. ಒಂಬತ್ತು ವರ್ಷದಲ್ಲಿ ಮೊದಲ ಸಲ ಓದಿದೆ. ‘ಮೊದಲಿದ್ದ ಸುಸ್ಥಿತಿಯಲ್ಲಿ ಬಿಟ್ಟುಕೊಡತಕ್ಕದ್ದು’ ಎಂದು ಏಳನೇ ಕಲಮಿನಲ್ಲಿ ಸ್ವಚ್ಛವಾಗಿ ಟೈಪಾಗಿತ್ತು.

ಅಂದರೆ ತೆಗೆದುಕೊಂಡು ಹೋದರೂ ಒಡೆಯಬೇಕು, ಬಿಟ್ಟುಹೋದರೂ ಒಡೆಯಬೇಕು. ಖರ್ಚು ಎರಡಕ್ಕೂ ನನ್ನದೇ. ಇನ್ನು ಉಳಿದದ್ದು, ಒಡೆದದ್ದರಲ್ಲಿ ಹೊರುವುದಕ್ಕೆ ಯೋಗ್ಯವಾದದ್ದು ಏನು ಅನ್ನುವುದು.

ಇದರ ನಡುವೆ ಇನ್ನೊಂದು ಪ್ರಶ್ನೆ ತಲೆಯೊಳಗೆ ಕೂತಿತ್ತು. ಕೆಂಗೇರಿ ಉಪನಗರದಿಂದಾಚೆಗಿನ ಹೊಸ ಮನೆಯ ಮಾಲೀಕರಿಗೆ ಮಾಂಸದ ಷರತ್ತೇ ಇರಲಿಲ್ಲ. ನಾವು ಕೇಳುವ ಮೊದಲೇ, “ನಾವೂ ತಿನ್ನೋರೇ, ಅದೆಲ್ಲ ಏನೂ ತಲೆ ಕೆಡಿಸ್ಕೋಬೇಡಿ” ಎಂದಿದ್ದರು. ಒಳಗಿನ ಅಡುಗೆಮನೆ ಹೊಸದು, ಚಿಮಣಿ ಇದೆ, ಡ್ರಾಯರು ತಳ್ಳಿದರೆ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತದೆ. ಹಾಗಿದ್ದಮೇಲೆ ‘ಮೇಲೆ’ ಯಾಕೆ ಬೇಕು? ಬಾಗಿಲಾಚೆ ನಿಲ್ಲಿಸಿದ್ದರಿಂದ ಹುಟ್ಟಿದ ಅಡುಗೆಮನೆ. ಒಳಗೆ ಬಾ ಎಂದು ಕರೆದಮೇಲೂ ಅದನ್ನು ತಲೆಯ ಮೇಲೆ ಹೊತ್ತುಕೊಂಡು ಹೋಗುವುದು ನನಗೆ ಸ್ವಲ್ಪ ಅವಮಾನದ ಹಾಗೂ ಕಂಡಿತು. ಇದನ್ನು ಅಮ್ಮನ ಹತ್ತಿರ ಅಂದೂಬಿಟ್ಟೆ. ಅವಳು ಅವರೆಕಾಳು ಆರಿಸುವ ಹಳೆ ಮೊರದಲ್ಲಿ ಮೆಣಸಿನಕಾಯಿ ಹರಡುತ್ತಿದ್ದಳು.

“ಆವಯ್ಯ ಬ್ಯಾಡ ಅಂದಿದ್ದಕ್ಕೆ ಹತ್ತಿದ್ದು ದಿಟ. ಆದ್ರೆ ಆವಯ್ಯ ಬ್ಯಾಡ ಅಂದಿದ್ದಕ್ಕೇ ಒಂಬತ್ ವರ್ಸ ಕೂತಿದ್ನಾ ನಾನು ಅಲ್ಲಿ? ಸೊಪ್ಪಿನ ಸಾರು, ಬಸ್ಸಾರು, ಉಪ್ಸಾರು, ಇದ್ಯಾವ್ದಕ್ಕೆ ಬ್ಯಾಡ ಅಂದಿದ್ನಂತೆ?”

ನಿಜ. ಷರತ್ತು ಇದ್ದದ್ದು ತಿಂಗಳಿಗೆ ಎರಡೋ ಮೂರೋ ದಿನದ ಅಡುಗೆಗೆ. ಅಮ್ಮ ಮೇಲೆ ಇರುತ್ತಿದ್ದದ್ದು ಹೆಚ್ಚುಕಡಿಮೆ ದಿನಾ. ಅವತ್ತು ರಾತ್ರಿ ಗೋಡೆಯ ಕ್ಯಾಲೆಂಡರು ಕೈಗೆತ್ತಿಕೊಂಡು, ಹಿಂದಿನ ವರ್ಷ ಮೇಲೆ ಏನೇನು ಆಯಿತು ಎಂದು ಮೂರು ಜನ ಕೂತು ನೆನಪು ಮಾಡಿಕೊಂಡೆವು. ಹಪ್ಪಳ, ಸಂಡಿಗೆಯ ಹಿಟ್ಟು ಕುದಿಸಿದ್ದು ನಾಲ್ಕು ಸಲ. ಒತ್ತು ಶ್ಯಾವಿಗೆ ಎರಡು ಸಲ. ಕಾಲು ಸುಟ್ಟು ಸೂಪು ಮಾಡಿದ್ದು ಮಗಳಿಗೆ ಕೈ ಮುರಿದಿದ್ದಾಗ ವಾರಕ್ಕೊಂದು. ಬದನೆಕಾಯಿ ಕೆಂಡದಲ್ಲಿ ಸುಟ್ಟದ್ದು ಲೆಕ್ಕವಿಲ್ಲ. ಮುದ್ದೆ ಕೂಡ ಅಮ್ಮ ಕೆಳಗೆ ತಿರುವುವುದಿಲ್ಲ. ಗ್ಯಾಸ್ ಕಟ್ಟೆಯ ಎತ್ತರಕ್ಕೆ ಪಾತ್ರೆಯನ್ನು ಕಾಲಲ್ಲಿ ಅದುಮಿ ಹಿಡಿಯಲಾಗುವುದಿಲ್ಲ ಎಂಬುದು ಅವಳ ತಕರಾರು, ಅದು ನ್ಯಾಯವೂ ಹೌದು. ಇನ್ನು ನನ್ನ ಬಾರ್ಬೆಕ್ಯೂ: ಕೊಂಡಾಗಿನಿಂದ ಮೂರು ಸಲ. ಮೂರನೆಯ ಸಲ ಅದರ ಮೇಲೆ ಬೆಂದದ್ದು ಮುಸುಕಿನ ಜೋಳ.

ಆ ಪಟ್ಟಿ ಮಾಡುವಾಗ ಒಂದು ಸಂಗತಿ ಹೊಳೆಯಿತು. ಪ್ಯಾಕರ್ಸ್ ಹುಡುಗ ‘1’ ಎಂದು ಬರೆದದ್ದೇ ತಪ್ಪು. ಅಲ್ಲಿ ಇದ್ದದ್ದು ಎರಡು. ನಿಂತು ಮಾಡುವ ಕಟ್ಟೆ, ನಲ್ಲಿ, ಸಿಂಕು ನನ್ನ ಹೆಂಡತಿಯದು. ಕೂತು ಮಾಡುವ ಮೂರು ಇಟ್ಟಿಗೆ, ಒಂದು ಮಣೆ, ಒರಳುಕಲ್ಲು, ಬೆನ್ನಿಗೊಂದು ಪ್ಯಾರಪೆಟ್ ಗೋಡೆ ಅಮ್ಮನದು. ನಾಲ್ಕಡಿ ಅಂತರದಲ್ಲಿ ಇದ್ದರೂ ಒಬ್ಬರದನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಮನೆಯಲ್ಲಿ ಅತ್ತೆ ಸೊಸೆ ಅಷ್ಟು ವರ್ಷ ದೊಡ್ಡ ಜಗಳವಿಲ್ಲದೆ ಇದ್ದದ್ದಕ್ಕೆ ಈ ನಾಲ್ಕಡಿಯೂ ಒಂದು ಕಾರಣ ಅನ್ನುವುದು ನನ್ನ ಗುಮಾನಿ. ಇಬ್ಬರಿಗೂ ಬೇರೆ ಬೇರೆ ಕೇಳಿದೆ: ಒಂದೇ ಒಂದು ಒಯ್ಯಬಹುದು ಅಂದರೆ ಏನು? ಹೆಂಡತಿ, “ನಲ್ಲಿ ಇದ್ದರೆ ಕಲ್ಲು, ನಲ್ಲಿ ಇಲ್ಲದಿದ್ದರೆ ಏನೂ ಬೇಡ” ಎಂದಳು. ಅಮ್ಮ, “ಗಾಳಿ ಮರೆ” ಎಂದಳು. ಗಾಳಿ ಮರೆಯನ್ನು ಯಾವ ಗಾಡಿಯಲ್ಲಿ ಒಯ್ಯಲಿ?

ಇಬ್ಬರ ಉತ್ತರವೂ ಹೊಸ ತಾರಸಿಯಲ್ಲೇ ಇದ್ದವು. ಒಂದು ಭಾನುವಾರ ಅಳತೆ ಟೇಪು, ಊದುಬತ್ತಿಯ ಪ್ಯಾಕೆಟ್ಟು ಹಿಡಿದು ಎಲ್ಲರೂ ಕೆಂಗೇರಿಗೆ ಹೋದೆವು.

ಅದು 30–40 ಸೈಟಿನಲ್ಲಿ ಕಟ್ಟಿದ ಮನೆ. ಕೆಳಗೆ ಮಾಲೀಕರು, ಮೊದಲ ಮಹಡಿ ನಮ್ಮದು, ಅದರ ಮೇಲೆ ತಾರಸಿ. ಅಲ್ಲಿ ನೀರಿನ ಟ್ಯಾಂಕು, ದಕ್ಷಿಣಕ್ಕೆ ಮುಖ ಮಾಡಿದ ಸೋಲಾರ್ ಹೀಟರು, ಬಟ್ಟೆ ಒಣಗಿಸಲು ತಂತಿ. ನಲ್ಲಿಯೂ ಇತ್ತು. ಹೆಂಡತಿಯ ಮುಖ ಅರಳಿತು. ನಾನು ಸಿಂಕಿನ ನೀರು ಎಲ್ಲಿಗೆ ಬಿಡುವುದು ಎಂದು ತಾರಸಿಯ ಇಳಿಜಾರು ನೋಡುತ್ತಾ ಮೂಲೆಯ ಪೈಪಿನ ಹತ್ತಿರ ಬಂದೆ. ಮೇಲೆ ಹತ್ತಿ ಬಂದ ಮಾಲೀಕರು, “ಅದಕ್ಕೆ ಮಾತ್ರ ಏನೂ ಬಿಡಬೇಡಿ, ಅದು ನೀರಿನ ಸಂಪಿಗೆ ಹೋಗತ್ತೆ” ಎಂದರು. ಕೆಳಗೆ ಕರೆದುಕೊಂಡು ಹೋಗಿ ತೋರಿಸಿದರು: ನೀಲಿ ಡ್ರಮ್ಮು, ಅದರಲ್ಲಿ ಜಲ್ಲಿ, ಮರಳು, ಮತ್ತೆ ಜಲ್ಲಿ, ಅಲ್ಲಿಂದ ಸೋಸಿದ ಮಳೆ ನೀರು ಸಂಪಿಗೆ, ಹೆಚ್ಚಾದದ್ದು ಇಂಗುಬಾವಿಗೆ. ಬೆಂಗಳೂರಿನಲ್ಲಿ 1,200 ಚದರಡಿ ಅಥವಾ ಅದಕ್ಕಿಂತ ದೊಡ್ಡ ಸೈಟಿನಲ್ಲಿ ಹೊಸದಾಗಿ ಮನೆ ಕಟ್ಟುವವರಿಗೆ ಜಲಮಂಡಳಿ ಮಳೆನೀರು ಕೊಯ್ಲನ್ನು 2009ರಲ್ಲೇ ಕಡ್ಡಾಯ ಮಾಡಿದೆ. ಇವರು ಬರೀ ಕಾಗದಕ್ಕೆ ಮಾಡಿಸಿದವರಲ್ಲ, ನಿಜವಾಗಿ ಆ ನೀರನ್ನೇ ಬಳಸುವವರು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ಲು ಬತ್ತಿ ಟ್ಯಾಂಕರಿಗೆ ಕಾದದ್ದನ್ನು ಹೇಳುವಾಗ ಅವರ ಕೈ ತಾನಾಗಿ ಆ ಡ್ರಮ್ಮನ್ನು ಸವರುತ್ತಿತ್ತು.

ಮಾಂಸ ತೊಳೆದ ನೀರು, ಸೋಪಿನ ನೊರೆ ಆ ಪೈಪಿಗೆ ಬಿಡುವ ಮಾತೇ ಇಲ್ಲ. ಸ್ಯಾನಿಟರಿ ಪೈಪು ಮನೆಯ ಇನ್ನೊಂದು ಮಗ್ಗುಲಲ್ಲಿ. ಅಲ್ಲಿಯವರೆಗೆ ತಾರಸಿಯ ಮೇಲೆ ಇಪ್ಪತ್ತಡಿ ಪೈಪು ಎಳೆದು ಜೋಡಿಸಬೇಕು, ಮತ್ತೆ ಬಾಡಿಗೆ ಮನೆಗೆ ಏನನ್ನೋ ‘ಜೋಡಿಸಬೇಕು’. ಏಳನೇ ಕಲಮು ನೆನಪಾಯಿತು. ಹೆಂಡತಿಯೇ, “ಸಿಂಕು ಬೇಡ ಬಿಡಿ, ಪಾತ್ರೆ ಕೆಳಗೆ ತಂದು ತೊಳೆದರಾಯ್ತು” ಎಂದಳು. ಒಂದು ತಿಂಗಳ ಚರ್ಚೆಯಲ್ಲಿ ನಿರ್ಧಾರ ಅಂತ ಮೊದಲು ಆದದ್ದು ಅದೊಂದೇ, ಅದೂ ಒಂದು ನೀಲಿ ಡ್ರಮ್ಮಿನ ಮುಂದೆ.

ಇನ್ನು ಗಾಳಿ ಮರೆ. ಪಡುವಲ ಪಕ್ಕದ ಮನೆ ನಮಗಿಂತ ಒಂದು ಮಹಡಿ ಎತ್ತರ. ಅದರ ಗೋಡೆ ನಮ್ಮ ತಾರಸಿಗೆ ಅಂಟಿದ ಹಾಗೇ ನಿಂತಿದೆ, ಮೂರಡಿ ಸಂದು. ಆಷಾಢದ ಗಾಳಿ ಸೀರೆ ಸೆರಗು ನಿಲ್ಲಿಸದ ಹಾಗೆ ಬೀಸುತ್ತಿದ್ದರೂ ಆ ಗೋಡೆಯ ಬುಡದಲ್ಲಿ ಮಾತ್ರ ನಿಶ್ಶಬ್ದ. ಅಮ್ಮ ಅಲ್ಲಿ ಕುಕ್ಕರಗಾಲಲ್ಲಿ ಕೂತು, ಎರಡೂ ಕೈ ಚಾಚಿ ಇಲ್ಲದ ಮುದ್ದೆಯನ್ನು ಒಂದು ಸುತ್ತು ತಿರುವಿ ನೋಡಿ, “ಇಲ್ಲಾಯ್ತದೆ” ಎಂದಳು.

ಹೊಗೆ ಯಾರ ಮನೆಗೆ ಹೋಗುತ್ತದೆ ಅನ್ನುವುದು ನನ್ನ ತಲೆಬಿಸಿ. ಗೋಡೆಯ ಮೇಲೆ, ನಮ್ಮ ತಲೆಗಿಂತ ಮೂರಡಿ ಎತ್ತರದಲ್ಲಿ, ಅವರ ಮಲಗುವ ಕೋಣೆಯ ಕಿಟಕಿ. ಮಗಳು ಐದಾರು ಊದುಬತ್ತಿ ಒಟ್ಟಿಗೆ ಹಚ್ಚಿ ಅಮ್ಮ ಹೇಳಿದ ಜಾಗದಲ್ಲಿ ಹಿಡಿದು ನಿಂತಳು. ಹೊಗೆ ಸ್ವಲ್ಪ ಮೇಲೆದ್ದು, ಗೋಡೆಯ ತುದಿಯಿಂದ ಇಳಿದ ಗಾಳಿಗೆ ಸಿಕ್ಕಿ ತಿರುಗಿ, ಮೂಡಲ ಕಡೆಗೆ, ರಸ್ತೆಯ ಮೇಲೆ ಹೋಗಿ ಚೆದುರಿತು. ಊದುಬತ್ತಿಯ ಹೊಗೆಯನ್ನು ನಂಬಬಾರದು ಎಂದು ಮಧ್ಯಾಹ್ನ ಒಂದು ಹಂಚಿನ ಚೂರಿನಲ್ಲಿ ತೆಂಗಿನ ನಾರು ಹೊಗೆಯಾಡಿಸಿದೆ. ಅದೂ ಮೂಡಲಕ್ಕೇ. ಸಂಜೆ ಮತ್ತೊಮ್ಮೆ, ಅದೂ ಹಾಗೇ. ಮೂರಕ್ಕೆ ಮೂರು. ಇಷ್ಟು ಶಾಸ್ತ್ರೋಕ್ತವಾಗಿ ಹೊಗೆ ನೋಡಿ ಮನೆಗೆ ಬಂದವರು ಬೆಂಗಳೂರಿನಲ್ಲಿ ನಾವೇ ಇರಬೇಕು ಎಂದು ನನಗೆ ಒಳಗೊಳಗೇ ಹೆಮ್ಮೆ.

ಸಿವಿಲ್ ಇಂಜಿನಿಯರ್ ಗೆಳೆಯನಿಗೂ ಒಂದು ಮಾತು ಕೇಳಿದೆ. ಓಡಾಡುವ ತಾರಸಿಗೆ ಚದರ ಮೀಟರಿಗೆ 150 ಕಿಲೋದಷ್ಟು ಭಾರ ಹಿಡಿದು ಲೆಕ್ಕ ಹಾಕಿರುತ್ತಾರೆ, ನಡುವೆ ಏನೂ ಪೇರಿಸಬೇಡ, ಕೆಳಗೆ ಗೋಡೆ ಇರುವ ಕಡೆ ಅಂಚಿಗೆ ಇಡು ಎಂದ. ಬ್ಲಾಕುಗಳ ಕಥೆ ಅಲ್ಲಿಗೆ ಮುಗಿಯಿತು.

ಒಡೆಯುವ ದಿನ ಬಂದ ಮೇಸ್ತ್ರಿ ಕಟ್ಟೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಗ್ರಾನೈಟಿನ ಮೇಲೆ ಬೆರಳ ಗೆಣ್ಣಿನಿಂದ ಅಲ್ಲಲ್ಲಿ ಕುಟ್ಟಿದ. ಸಿಂಕಿನ ಹತ್ತಿರ ಬಂದಾಗ ಸದ್ದು ಬದಲಾಯಿತು. ಎರಡಡಿ ಅಗಲದ ಕಲ್ಲಿನಲ್ಲಿ ಹದಿನಾರು ಇಂಚು ತೂತು. ಹಿಂದೆ ನಾಲ್ಕು ಇಂಚು, ಮುಂದೆ ನಾಲ್ಕು ಇಂಚು ಪಟ್ಟಿ. ಏಳಡಿ ಕಲ್ಲು ಆ ಎರಡು ಪಟ್ಟಿಯ ಮೇಲೆ ನಿಂತಿದೆ. “ಇದು ಎತ್ತಿದ ತಕ್ಷಣ ಇಲ್ಲೇ ಹೋಗೋದು ಸಾರ್. ಅದಾಗೇ ಹೋದ್ರೆ ಹೆಂಗೋ ಹೋಯ್ತದೆ. ನಾವೇ ಕುಯ್ದ್ರೆ ನಾವ್ ಹೇಳ್ದಂಗ್ ಹೋಯ್ತದೆ” ಎಂದ. ಸಿಂಕು ಹೇಗೂ ಬೇಡವಾಗಿತ್ತು. ತೂತಿನ ಈಚೆಗೆ ನಾಲ್ಕೂವರೆ ಅಡಿಗೆ ಪೆನ್ಸಿಲ್ ಗೆರೆ ಎಳೆದು, ನೀರು ಹನಿಸುತ್ತಾ ಗ್ರೈಂಡರ್ ಇಟ್ಟ. ಎಂಟು ವರ್ಷ ಅದರ ಮೇಲೆ ಈರುಳ್ಳಿ ಹೆಚ್ಚಿದ ನನ್ನ ಹೆಂಡತಿ ಆ ಸದ್ದು ಕೇಳಲಾಗದೆ ಕೆಳಗೆ ಹೋಗಿಬಿಟ್ಟಳು.

ಕಲ್ಲನ್ನು ಬ್ಲಾಕಿನ ಮೇಲೆ ಸಿಮೆಂಟಿನಲ್ಲಿ ಕೂರಿಸಿದ್ದರು. ಮೇಸ್ತ್ರಿ ಆ ಸಂದಿಗೆ ತೆಳು ಬ್ಲೇಡು ಓಡಿಸಿ, ಮರದ ಆಪು ಹೊಡೆದು, ಉಸಿರು ಬಿಗಿಹಿಡಿದು ಸಡಿಲಿಸಿದ. ಅಂಗಾತ ಎತ್ತಬಾರದು, ಕಲ್ಲನ್ನು ಯಾವಾಗಲೂ ಅಂಚಿನ ಮೇಲೆ ನಿಲ್ಲಿಸಿ ಹಿಡಿಯಬೇಕು, ಕಿಟಕಿ ಗಾಜಿನ ಹಾಗೆ. ನಾಲ್ಕೂವರೆ ಅಡಿಯ ತುಂಡನ್ನು, ಅಂದರೆ 45 ಕಿಲೋ, ಇಬ್ಬರು ಮೆಟ್ಟಿಲ ತಿರುವುಗಳಲ್ಲಿ ಗೋಣಿಚೀಲ ಕೊಟ್ಟು ಕೊಟ್ಟು ಇಳಿಸಿದರು. ಒರಳುಕಲ್ಲು ಅದಕ್ಕಿಂತ ಕಷ್ಟವಾಯಿತು, ಹಿಡಿಯಲು ಅಂಚೇ ಇಲ್ಲ. ಬ್ಲಾಕುಗಳನ್ನು ಮೇಸ್ತ್ರಿ ತನ್ನ ಬೇರೆ ಕೆಲಸಕ್ಕೆಂದು ಒಯ್ದ, ಒಯ್ಯುವ ಕೂಲಿ ಉಳಿದದ್ದೇ ಲಾಭ. ಸಿಂಕಿಗೆ ಗುಜರಿಯವನು ಅಯಸ್ಕಾಂತ ಹಿಡಿದು ನೋಡಿದ. ಅಂಟಲಿಲ್ಲ, ಒಳ್ಳೆ ಸ್ಟೀಲು ಎಂದು ಮುಖ ಅರಳಿಸಿ, ಕೊಟ್ಟದ್ದು ಮಾತ್ರ ಕೆಟ್ಟ ಸ್ಟೀಲಿನ ರೇಟು. ಬಾರ್ಬೆಕ್ಯೂವನ್ನು ಎದುರು ಮನೆಯ ಪಿಜಿ ಹುಡುಗರಿಗೆ ಕೊಟ್ಟೆ. ಅವರಾದರೂ ನಾಲ್ಕನೆಯ ಸಲ ಹಚ್ಚಲಿ.

ಉಳಿದದ್ದು ಮಸಿ. ಅಮ್ಮನ ಒಲೆಯ ಹಿಂದೆ ಪ್ಯಾರಪೆಟ್ಟಿನ ಮೇಲೆ ಒಂದಾಳು ಕೂತಷ್ಟು ಅಗಲಕ್ಕೆ ಕರೀ ಗುರುತು. ಒಂದು ಕೋಟು ಬಿಳಿ ಹೊಡೆದೆ, ಒಣಗುತ್ತಲೇ ಹಳದಿಯಾಗಿ ಮೇಲೆ ಬಂತು. ಎರಡನೇ ಕೋಟಿಗೂ ಬಂತು. ಪೇಂಟಿನಂಗಡಿಯವನು, ಮಸಿಯ ಮೇಲೆ ನೀರಿನ ಬಣ್ಣ ನಿಲ್ಲಲ್ಲ, ಮೊದಲು ಉಜ್ಜಿ ತೊಳೆದು ಆಯಿಲ್ ಪ್ರೈಮರ್ ಹೊಡೀಬೇಕು ಎಂದದ್ದು ಆಮೇಲೆ. ಮಾಲೀಕರು ಬಂದು ನೋಡಿ, “ಇರಲಿ ಬಿಡಿ” ಎಂದರು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಅಡ್ವಾನ್ಸಿನಲ್ಲಿ ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಂಡದ್ದು ಬೇರೆ ವಿಷಯ, ಈ ಊರಿನಲ್ಲಿ ಅದು ಮಸಿ ಇದ್ದರೂ ಹಿಡಿಯುತ್ತಾರೆ, ಇಲ್ಲದಿದ್ದರೂ ಹಿಡಿಯುತ್ತಾರೆ.

ಹೊಸ ತಾರಸಿಯಲ್ಲಿ ಒಂದು ಹಿಡಿ ಸಿಮೆಂಟೂ ಬಳಸಲಿಲ್ಲ. ಗುಜರಿ ಅಂಗಡಿಯಲ್ಲಿ ಸಿಕ್ಕ ಹಳೇ ಹೊಲಿಗೆ ಯಂತ್ರದ ಎರಡು ಕಬ್ಬಿಣದ ಕಾಲಿನ ಮೇಲೆ, ನಡುವೆ ರಬ್ಬರ್ ಚೂರು ಕೊಟ್ಟು, ಆ ನಾಲ್ಕೂವರೆ ಅಡಿ ಕಲ್ಲು ಕೂರಿಸಿದೆವು. ಅಮ್ಮನದು ಮತ್ತದೇ ಮೂರು ಇಟ್ಟಿಗೆ. ಹಳೆಯವೇ ಬೇಕು, ಅವು ಕಾದು ಕಾದು ಹದವಾಗಿವೆ ಎಂದು ಪೇಪರಿನಲ್ಲಿ ಸುತ್ತಿ ತಂದಿದ್ದಳು. ಪ್ಯಾಕರ್ಸ್ ಹುಡುಗರು ಆ ಪೊಟ್ಟಣದ ಮೇಲೆ ‘ಗಾಜು – ಜೋಪಾನ’ ಎಂದು ಚೀಟಿ ಅಂಟಿಸಿದ್ದರು.

ಶ್ರಾವಣ, ಭಾದ್ರಪದ, ಪಿತೃಪಕ್ಷದ ಎಡೆ ಎಲ್ಲ ಸುಸೂತ್ರ. ಹೊಗೆ ಮೂಡಲಕ್ಕೆ ಹೋಗಿ ರಸ್ತೆಯ ಮೇಲೆ ಕರಗುತ್ತಿತ್ತು. ದೀಪಾವಳಿಗೆ ಹಂಡೆಯೂ ಕೂತಿತು. ಆ ಹೊತ್ತಿಗೆ ಗಾಳಿ ಅತ್ತಿತ್ತ ಆಡತೊಡಗಿತ್ತು, ನಾನು ಗಮನಿಸಲಿಲ್ಲ.

ಡಿಸೆಂಬರಿನಲ್ಲಿ ಸೊಗಡು ಅವರೆ ಬಂತು. ಐದು ಕಿಲೋ ತಂದು, ಇಡೀ ಸಂಜೆ ಸುಲಿದು, ರಾತ್ರಿಯೆಲ್ಲ ನೆನೆಸಿ, ಬೆಳಿಗ್ಗೆ ಹಿತುಕಿ, ಅಮ್ಮ ಒಲೆ ಹೊತ್ತಿಸಿದಳು. ಹತ್ತು ನಿಮಿಷಕ್ಕೆ ಮೇಲಿನ ಕಿಟಕಿ ಧಡಾರನೆ ಮುಚ್ಚಿಕೊಂಡಿತು. ಇನ್ನೈದು ನಿಮಿಷಕ್ಕೆ ಅದೇ ಕಿಟಕಿ ತೆರೆದು ಪಕ್ಕದ ಮನೆಯಾಕೆ, “ಏನ್ರೀ, ನಮ್ಮ ರೂಮೆಲ್ಲ ಹೊಗೆ!” ಎಂದರು. ನಾನು ಓಡಿ ಹತ್ತಿದೆ. ಹೊಗೆ ನೆಟ್ಟಗೆ ಗೋಡೆಗೆ ಹೋಗಿ ತಾಗಿ, ಗೋಡೆ ಹಿಡಿದುಕೊಂಡೇ ಮೇಲೆ ಹತ್ತಿ, ಕಿಟಕಿಯೊಳಗೆ ದಾರಿ ಗೊತ್ತಿದ್ದವರ ಹಾಗೆ ಹೋಗುತ್ತಿತ್ತು.

ಮುಂಗಾರಿನಲ್ಲಿ ಈ ಊರಿಗೆ ಗಾಳಿ ಪಡುವಲಿಂದ ಬರುತ್ತದೆ, ಚಳಿಗಾಲದಲ್ಲಿ ಮೂಡಲಿಂದ. ಇದು ಶಾಲೆಯಲ್ಲಿ ಓದಿದ ಪಾಠ. ಮೂರು ಹೊತ್ತು ನೋಡಿದೆ, ಮೂರು ತಿಂಗಳು ನೋಡಲಿಲ್ಲ. ನಾನು ಊದುಬತ್ತಿ ಹಚ್ಚಿದ್ದು ಆಷಾಢದಲ್ಲಿ, ಅಮ್ಮನ ಒಲೆ ಹೆಚ್ಚು ಉರಿಯುವುದು ಅವರೆ ಕಾಲದಲ್ಲಿ. ಆಷಾಢದಲ್ಲಿ ಗಾಳಿ ಮರೆಯಾಗಿದ್ದ ಗೋಡೆಯೇ ಈಗ ಹೊಗೆಗೆ ಏಣಿ.

ಆಕೆ ಕೆಟ್ಟವರೇನಲ್ಲ. ಮನೆಯಲ್ಲಿ ಉಬ್ಬಸದ ಮಗು ಇತ್ತು. ಹೋಗಿ ಕ್ಷಮೆ ಕೇಳಿ ಬಂದೆ. ಆಮೇಲೆ ಮನೆಯಲ್ಲಿ ಮತ್ತೆ ಸಭೆ. ಚಿಮಣಿ ಇಟ್ಟು ಅಸ್ತ್ರ ಒಲೆ ಕಟ್ಟಿಸೋಣ ಎಂದೆ. ಇಲ್ಲೇ ಟಾಟಾ ಇನ್‌ಸ್ಟಿಟ್ಯೂಟ್ ಅನ್ನುವ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಹಳ್ಳಿಗಳಿಗೆಂದು ರೂಪಿಸಿದ ಒಲೆ, ಬುಡದ ಜಾಲರಿಯಿಂದ ಗಾಳಿ, ಕಡಿಮೆ ಸೌದೆ, ಹೊಗೆ ಕೊಳವೆಯಲ್ಲಿ ಮೇಲಕ್ಕೆ. ಅಮ್ಮನ ತವರಿನಲ್ಲಿ ಅದು ಇತ್ತು, ಅವಳಿಗೆ ಅದರ ಮೇಲೆ ಗೌರವವೂ ಇದೆ. ಆದರೂ, “ಕಟ್ಟುದ್ರೆ ನಾಳೆ ಒಡೀಬೇಕಲ್ಲಪ್ಪ” ಎಂದಳು. ಅಷ್ಟು ಹೇಳಿ, ಒಲೆ ಆರಿದ್ದೇ ತಡ, ಮೂರು ಇಟ್ಟಿಗೆಯನ್ನೂ ಒಂದೊಂದಾಗಿ ಎತ್ತಿಕೊಂಡು ತಾರಸಿಯ ಮೂಡಲ ತುದಿಗೆ, ಟ್ಯಾಂಕಿನ ಮಗ್ಗುಲಿಗೆ ನಡೆದಳು. ಮಣೆ ನಾನು ಹಿಡಿದುಕೊಂಡೆ. ಒರಳುಕಲ್ಲು ಇದ್ದಲ್ಲೇ ಇದೆ, ಅದನ್ನು ಇನ್ನೊಮ್ಮೆ ಎತ್ತುವ ಶಕ್ತಿ ಯಾರಿಗೂ ಇಲ್ಲ.

ಈಗ ಹೊಗೆ ಟ್ಯಾಂಕಿನ ಹತ್ತಿರ ಎದ್ದು, ತಾರಸಿಯ ಉದ್ದಕ್ಕೂ ನಿಧಾನವಾಗಿ ಹರಡಿಕೊಂಡು, ಪಕ್ಕದ ಕಿಟಕಿ ಮುಟ್ಟುವಷ್ಟರಲ್ಲಿ ತೆಳ್ಳಗಾಗಿರುತ್ತದೆ. ದೂರು ಬಂದಿಲ್ಲ. ಆದರೆ ನಡುವೆ ನಮ್ಮದೇ ಬಟ್ಟೆ ತಂತಿ ಇದೆ. ಮೊನ್ನೆ ಮಗಳು ಸ್ಕೂಲಿನಿಂದ ಬಂದು ಬ್ಯಾಗು ಎಸೆದು, ಯೂನಿಫಾರಮ್ಮಿನ ತೋಳು ಮೂಸಿ ತೋರಿಸುತ್ತಾ, “ಪಕ್ಕದಲ್ಲಿ ಕೂರೋಳು ಕೇಳ್ತಾಳೆ, ನಿಮ್ಮನೇಲಿ ಇವತ್ತು ಕಾಲು ಸೂಪಾ ಅಂತ” ಎಂದಳು.

“ಬದನೇಕಾಯ್ ಬಜ್ಜಿ ಅನ್ನಬೇಕಿತ್ತು” ಎಂದಳು ಅಮ್ಮ, ಊದುಕೊಳವೆ ಕೆಳಗಿಡದೆ.